ಹಳದಿ ಗುರುತಿನ ಕ್ಯಾನು

ಚುಂಯ್. ಕಾದ ಮೊಳೆ ಪ್ಲಾಸ್ಟಿಕ್ಕಿನೊಳಗೆ ಇಳಿಯುವ ಸದ್ದು. ಖಟಕ ಚಿಂಚೋಳಿಯ ಆ ಓಣಿಯಲ್ಲಿ ಸಂಜೆ ಇದು ಕೇಳಿಸಿತೆಂದರೆ ಮಹಾಮಾಯಾ ಶಾಲೆಯಿಂದ ಬಂದಿದ್ದಾಳೆ.

"ಡಾಕ್ಟರಬಾಯಿ ಬಂದ್ಲು, ಕ್ಯಾನ ಮುಚ್ಚಿಡ್ರೆವ್ವಾ!" ಎಂದು ನೆರೆಯವರು ನಗುತ್ತಾರೆ.

ಹದಿನೈದರ ಹುಡುಗಿ. ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಹತ್ತನೆಯ ತರಗತಿ ಓದುತ್ತಾಳೆ. ವಿಜ್ಞಾನ ಕಲಿಸುವ ಕಲೀಮ ಸರ್ ಒಮ್ಮೆ ಬೆಳೆಗೆ ಹೊಡೆಯುವ ಔಷಧದ ಖಾಲಿ ಕ್ಯಾನು ತಂದು, ಚೀಟಿಯ ಮೇಲಿನ ಬಣ್ಣದ ಗುರುತು ತೋರಿಸಿದ್ದರು. ಕೆಂಪು ಎಲ್ಲಕ್ಕಿಂತ ಕಡು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಎಷ್ಟು ತೊಳೆದರೂ ಇದರಲ್ಲಿ ಕುಡಿಯುವ ನೀರು ತುಂಬಬಾರದು, ತೂತು ಹೊಡೆದುಬಿಡಿ ಎಂದಿದ್ದರು. ಅವಳು ಮನೆಗೆ ಬಂದು ನೀರಿನ ಮೂಲೆ ನೋಡಿದಳು. ಮೂರು ಕ್ಯಾನು. ಎರಡರ ಮೇಲೆ ಹಳದಿ.

ಓಣಿಯ ಕ್ಯಾನುಗಳು ಮುಗಿದವು. ಉಳಿದವು ಹೊಲಗಳಲ್ಲಿನವು, ಮೊದಲಿಗೆ ಕೈಲಾಶನ ಸೋಯಾ ಹೊಲದ್ದು. ಅಲ್ಲಿ ಅವಳ ಅವ್ವ ಶಾಲುಬಾಯಿ ಕಳೆ ಕೀಳುತ್ತಾಳೆ. ಆ ಕೂಲಿಯಿಂದಲೇ ಮನೆ ನಡೆಯುತ್ತದೆ. ಮಾಲಕನ ನೀರು ತಾಮ್ರದ ಕೊಡದಲ್ಲಿ, ಕೂಲಿ ಹೆಂಗಸರದ್ದು ಹಳದಿ ಗುರುತಿನ ಕ್ಯಾನಿನಲ್ಲಿ. ಮಧ್ಯಾಹ್ನವಾದರೆ ಅವ್ವನಿಗೆ ತಲೆ ಸುತ್ತುತ್ತದೆ. ಬಿಸಿಲು ಎನ್ನುತ್ತಾಳೆ.

ಭಾನುವಾರ ಮಹಾಮಾಯಾ ಮೊಳೆ, ಸುತ್ತಿಗೆ ಹಿಡಿದು ಹೊಲಕ್ಕೇ ಹೋದಳು. ಒಂದೇ ಏಟು. ನೀರು ಚಿಮ್ಮಿತು.

"ಏ ಹುಡುಗಿ! ಹುಚ್ಚ ಹಿಡದದ ಏನ?" ಕೈಲಾಶ ಓಡಿಬಂದ.

"ವಿಷದ ಕ್ಯಾನ ಅದರಿ, ಮಾಲಕರ."

"ಮೂರ ಸಲ ತೊಳಿಸೇನಿ."

ಅವಳು ಚಿಮ್ಮುವ ನೀರಿಗೆ ಲೋಟ ಒಡ್ಡಿ, ತುಂಬಿಸಿ, ಅವನ ಮುಂದೆ ಹಿಡಿದಳು. "ಹಂಗಾದ್ರ ಒಂದ ಗುಟುಕ ನೀವು ಕುಡೀರಿ."

ಕೈಲಾಶ ಲೋಟ ಮುಟ್ಟಲಿಲ್ಲ. "ಶಾಲುಬಾಯಿ, ಮಗಳಿಗಿ ಬುದ್ಧಿ ಹೇಳು. ಇಲ್ಲಾಂದ್ರ ನಾಳಿಂದ ನೀ ಬರಬ್ಯಾಡ."

ಅವ್ವ ಮಗಳನ್ನು ನೋಡಲಿಲ್ಲ. ಆ ಲೋಟವನ್ನೇ ನೋಡುತ್ತಿದ್ದಳು. ಆಮೇಲೆ ಕಳೆ ಕೀಳುವ ಖುರಪಿ ಕೆಳಗಿಟ್ಟು ಬದುವಿನ ಮೇಲೆ ಕೂತಳು.

"ನಾಳಿ ಮಾತ ನಾಳಿಗಿರ್ಲಿರಿ. ಇವತ್ತ ಕೊಡದಾಗಿನ ನೀರ ಕೊಟ್ರ ಏಳ್ತೇನಿ."

ಉಳಿದ ಆರು ಹೆಂಗಸರೂ ಕೂತರು. ಇನ್ನೂ ಅರ್ಧ ಹೊಲದಲ್ಲಿ ಕಳೆಯಿತ್ತು, ಬಡಗಣದಲ್ಲಿ ಮೋಡ ಕಟ್ಟುತ್ತಿತ್ತು. ಕೈಲಾಶ ಗೊಣಗುತ್ತ ಹೋಗಿ ತಾನೇ ಕೊಡ ಹೊತ್ತು ತಂದ.

ಅವ್ವ ಮೊದಲು ಕುಡಿದಳು. ಬಾಯಿ ಒರೆಸಿಕೊಂಡು ನೋಡಿದರೆ ಮಗಳು ಆಗಲೇ ಹೊರಟಿದ್ದಳು.

"ಮತ್ತ ಎಲ್ಲಿಗಿ ಹೊಂಟಿ?"

"ದತ್ತಾತ್ರಿ ಕಾಕಾನ ಹೊಲದಾಗೂ ಒಂದ ಅದವ್ವಾ, ಕೆಂಪ ಗುರುತಿಂದು, ಅದಕ್ಕ ಈಗೇ..." ಎನ್ನುತ್ತಲೇ ಮಹಾಮಾಯಾ ಬದು ದಾಟಿ, ಸುತ್ತಿಗೆ ಬೀಸುತ್ತ ಓಡಿದಳು.