ಶರಣರ ಚಿತ್ರಕ್ಕೆ ಪಾದಪೂಜೆ

ನಮ್ಮ ಕಾಕಾನ ಭಕ್ತಿ ನಾಲ್ಕು ಜನಕ್ಕೆ ಕಾಣದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನಿಜಾಮರ ಕಾಲ ಅದು. ಕಮಲಾಪುರದ ಮನೆಯ ಪಡಸಾಲೆಗೆ, ನಡೆಯುತ್ತಿರುವ ಶರಣರ ಆಳೆತ್ತರದ ಚಿತ್ರ ಬೇಕೆಂದು ಕಲಬುರಗಿಯ ಸ್ಟೇಶನ್ ಬಜಾರದ ಚಿತ್ರಗಾರನಿಗೆ ಹೇಳಿದ. ತರಲು ನನ್ನನ್ನೂ ಹೊಲದ ಆಳನ್ನೂ ಗಾಡಿ ಕಟ್ಟಿ ಕಳಿಸಿದ.

ಚಿತ್ರದಲ್ಲಿ ಪಾದ ಇನ್ನೂ ಬಾಕಿ ಇತ್ತು. ಉರ್ದು ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ ಆ ಮುದುಕ ನಮ್ಮ ಆಳಿನ ಕಾಲನ್ನೇ ದಿಟ್ಟಿಸಿದ.

"ಊರೂರು ನಡದ ಶರಣರ ಕಾಲು ಹಿಂಗೇ ಇರತಾವ. ಅಲ್ಲೇ ಕೂಡಪಾ."

"ನನ್ನ ಕಾಲ್ರೀ? ಪಾಪ ಬರತದ ಸಾಹೇಬ್ರ," ಎಂದು ಆಳು ಹೆದರಿದ.

ಒಡೆದ ಹಿಮ್ಮಡಿ, ಕುಂಟೆ ಬಡಿದು ಸೊಟ್ಟಗಾದ ಕಿರುಬೆರಳು, ಎಲ್ಲವನ್ನೂ ಮುದುಕ ಇದ್ದಂತೆ ಬರೆದ. ಅಷ್ಟು ಚಂದದ ಪಾದವನ್ನು ನಾನು ಯಾವ ಚಿತ್ರದಲ್ಲೂ ಕಂಡಿರಲಿಲ್ಲ.

ಕೆಲವು ದಿನ ಬಿಟ್ಟು, ಬಣ್ಣ ಒಣಗಿದ ಮೇಲೆ ಕಾಕಾ ನನ್ನೊಡನೆ ಅಂಗಡಿಗೇ ನೋಡಲು ಬಂದ. "ಇವೇನು ಶರಣರ ಕಾಲೋ, ಕೂಲಿಯವರ ಕಾಲೋ? ರೇಷ್ಮಿ ಧೋತರ ಇಳಿಬಿಟ್ಟು ಮುಚ್ಚರಿ!" ಯಾರ ಕಾಲೆಂದು ನಾನು ಬಾಯಿ ಬಿಡಲಿಲ್ಲ. ಉಣ್ಣುತ್ತಿದ್ದದ್ದು ಅವನ ಮನೆಯ ಅನ್ನ. ಮುದುಕ ಮುಚ್ಚಿದ, ಆದರೆ ಎಣ್ಣೆಬಣ್ಣದ ಮೇಲೆ ಕೆಮ್ಮಣ್ಣಿನ ನೀರುಬಣ್ಣ ಬಳಿದು. "ಒರಸಿದರ ಹೋಗತದರಿ. ಹಿಂಥಾ ಕಾಲು ಅಳಸಾಕ ಕೈ ಬರಲಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಕಮಲಾಪುರದಲ್ಲಿ ಚಿತ್ರ ನಿಲ್ಲಿಸಿದ ದಿನ ಮಠದ ಸ್ವಾಮಿಗಳು ಬಂದರು, ಊರು ನೆರೆಯಿತು. ಎಲ್ಲರೂ ಧೋತರದ ಅಂಚನ್ನು ಹೊಗಳಿದ್ದೇ ಹೊಗಳಿದ್ದು. ಮುಖ ಒಬ್ಬರೂ ನೋಡಲಿಲ್ಲ. ಸ್ವಾಮಿಗಳ ಪಾದಪೂಜೆ ಮುಗಿಯಿತು. ಕಾಕಾನಿಗೆ ಅಷ್ಟು ಸಾಲದು, ಚಿತ್ರಕ್ಕೂ ಆಗಬೇಕೆಂದ. ಪಾದ ಮುಚ್ಚಿಸಿದ ಪುಣ್ಯಾತ್ಮನೇ ಕೆಳಗೆ ಬೆಳ್ಳಿ ತಟ್ಟೆ ಇಟ್ಟು ತಂಬಿಗೆ ನೀರು ಸುರಿದ. ರೇಷ್ಮೆ ಕರಗಿ ಕೆಂಪಗೆ ಇಳಿಯಿತು, ಒಡೆದ ಹಿಮ್ಮಡಿ ಹೊರಬಿತ್ತು.

"ಪಾದ ಪ್ರಕಟ ಆದ್ವು!" ಎಂದು ಸ್ವಾಮಿಗಳು ಕೈ ಮುಗಿದರು.

ಕಾಕಾನಿಗೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಪವಾಡ ತನ್ನ ಮನೆಯಲ್ಲೇ ಆಗಿಬಿಟ್ಟಿದೆ! ಆ ಸೊಟ್ಟ ಬೆರಳಿಗೆ ಹಣೆ ಹಚ್ಚಿದ. ಕೆಂಪು ನೀರನ್ನು ಪಾದೋದಕವೆಂದು ಮೊದಲು ತಾನೇ ಕುಡಿದ. ಊರೂ ಸಾಲು ಹಚ್ಚಿ ಕುಡಿಯಿತು. ನಾನು ನಗು ತಡೆಯಲಾರದೆ ತುಟಿ ಕಚ್ಚಿಕೊಂಡೆ.

ಹಂಚುವ ಬಟ್ಟಲು ನನ್ನ ಕೈಗೆ ಬಂತು. ಹೊಸ್ತಿಲು ದಾಟುವಂತಿಲ್ಲದ ಆಳು ಅಂಗಳದ ತುದಿಯಲ್ಲಿ ಬೊಗಸೆ ಒಡ್ಡಿ ನಿಂತಿದ್ದ. ಕಾಕಾ ಬೇಡವೆಂದು ತಲೆಯಾಡಿಸಿದ. ಆ ಪಾದ ಯಾರದೆಂದು, ಎಷ್ಟು ಚಂದವೆಂದು ಬಲ್ಲ ದೊಡ್ಡ ರಸಿಕ ನಾನು, ಬಟ್ಟಲನ್ನು ಒಳಗೆ ತಂದೆ.