ಅಕ್ಕ ನಂಬಿದ್ದ ಲೇಖಕರ ಕಡೆಯ ಮಾತು

ಆ ಕಾದಂಬರಿ ಚೆನ್ನಾಗಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಬರೆದವರು ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ದೇವರು.

ಎಪ್ಪತ್ತರ ದಶಕದ ಬೈಲಹೊಂಗಲ. ಅಕ್ಕ ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದಳು. ಟೀಚರ್ ಟ್ರೇನಿಂಗ್ ಮುಗಿಸಿ ಸಾಲಿ ಅಕ್ಕೋರು ಆಗಬೇಕು ಅನ್ನುವುದೊಂದೇ ಅವಳ ಆಸೆ. ಮುಂಜಾನೆ ಅವಳು ರೊಟ್ಟಿ ಬಡಿಯುವಾಗ ನಾನು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದಬೇಕು. ಹಿಟ್ಟಿನ ಕೈಯಲ್ಲಿ ಪುಟ ತಿರುವುವುದಕ್ಕೆ ಆಗುವುದಿಲ್ಲವಲ್ಲ. ಆ ಲೇಖಕರ ಕಾದಂಬರಿಗಳ ಹೆಣ್ಣುಮಕ್ಕಳು ಎದುರು ಮಾತಾಡುವವರು. ಒಬ್ಬಳಂತೂ ಹಸೆಮಣೆಯಿಂದ ಎದ್ದು ಹೋಗಿ ನರ್ಸ್ ಆಗುತ್ತಾಳೆ. ಅಂಥ ಕಡೆ ಬಂದರೆ ಅಕ್ಕ, "ಇನ್ನೊಮ್ಮೆ ಓದು" ಅನ್ನುವಳು. ಹಂಚಿನ ಮೇಲೆ ರೊಟ್ಟಿ ಸೀಯುವುದು.

ಹೀಗಿರುವಾಗ ರಾಮದುರ್ಗದಿಂದ ಸಂಬಂಧ ಬಂತು. ಬಟ್ಟೆ ಅಂಗಡಿಯವರು, ಒಳ್ಳೆಯ ಜನವೇ. ಅಕ್ಕ ಒಲ್ಲೆ ಅಂದಳು. ಅಪ್ಪ ಕೂಗಾಡಲಿಲ್ಲ. "ವಿಚಾರ ಮಾಡವಾ. ಅಮಾಸಿ ಆದಮ್ಯಾಲ ಹೇಳು," ಎಂದ.

ಅದೇ ವಾರ ಕಿತ್ತೂರಿನ ಸೋದರಮಾವ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. "ನಿಮ್ಮ ದೇವರು ಹೊಸಾದು ಬರದಾನ, ತಗೋರಿ."

ದಪ್ಪ ರಟ್ಟು, ಹೊಸ ಹೊಲಿಗೆ. ಹೊಸದು ಎಂದೇ ನಂಬಿದೆವು. ಆಗ ಪುಸ್ತಕಗಳು ಮನೆಯಿಂದ ಮನೆಗೆ ತಿರುಗಿ, ಮೊದಲ ಹಾಳೆಗಳನ್ನು ಕಳೆದುಕೊಂಡು, ಮತ್ತೆ ರಟ್ಟು ಕಟ್ಟಿಸಿಕೊಂಡು ಬರುತ್ತಿದ್ದವು. ಯಾವುದು ಮೊದಲು ಬರೆದದ್ದು, ಯಾವುದು ಆಮೇಲಿನದು, ಯಾರಿಗೆ ಗೊತ್ತು? ನಮ್ಮ ಮನೆಗೆ ಬಂದ ಸರದಿಯೇ ಅವರು ಬರೆದ ಸರದಿ.

ಕೋಟೆ, ರಾಜಕುಮಾರಿ, ಅವಳನ್ನು ಪ್ರೀತಿಸುವ ಬಡ ಸೇನಾಪತಿ. ಎದೆಗೆ ಬಾಣ ನೆಟ್ಟ ಸೇನಾಪತಿ ಪುಟಗಟ್ಟಲೆ ಬೆಳದಿಂಗಳನ್ನು ಹೊಗಳುತ್ತಾನೆ.

"ಅವಗ ಯಾರರ ನೀರು ಕೊಡ್ರಿ, ಗಂಟ್ಲ ಒಣಗಿರಬೇಕು," ಎಂದ ಮಾವ.

ನಾನು ನಕ್ಕೆ. ಅಕ್ಕ ನಗಲಿಲ್ಲ. ರಾಜಕುಮಾರಿ ಅಪ್ಪ ತೋರಿಸಿದ ಮುದಿ ರಾಜನನ್ನು ಒಪ್ಪಿಕೊಂಡು, ತುಟಿ ಬಿಚ್ಚದೆ ಪಲ್ಲಕ್ಕಿ ಹತ್ತಿದಳು. ಹೆಣ್ಣೆಂದರೆ ಹೀಗಿರಬೇಕು ಎಂದು ಲೇಖಕರು ತಾವೇ ಮುಂದೆ ಬಂದು ಅವಳನ್ನು ಹೊಗಳಿದರು.

"ಮುಗೀತಾ?" ಎಂದಳು ಅಕ್ಕ.

"ಮುಗೀತು."

"ಹಿಂದ ಇನ್ನೊಂದ ಹಾಳಿ ಇರಬೇಕು, ನೋಡು."

ಇರಲಿಲ್ಲ.

"ವಯಸ್ಸಾತಲ್ಲವಾ ಅವಗ," ಎಂದ ಮಾವ. "ಬುದ್ಧಿ ಮಂಕಾಗೇತಿ."

"ಇಲ್ಲ ಮಾಮಾ. ಅಷ್ಟೆಲ್ಲಾ ಬರದು, ಕಡೀಕ ಇದ ಖರೆ ಅಂತ ಗೊತ್ತಾಗಿರಬೇಕು ಅವರಿಗೆ," ಎಂದಳು ಅಕ್ಕ.

ಅಮಾವಾಸ್ಯೆ ಕಳೆಯಿತು. ಅವಳು ಹೂಂ ಅಂದಳು.

ಒಂದು ಪುಸ್ತಕಕ್ಕೆ ಮದುವೆ ಮಾಡಿಸುವ ಶಕ್ತಿ ಇರುತ್ತದೆಯೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅವಳ ಪರವಾಗಿ ಮಾತಾಡುತ್ತಿದ್ದವರು ಆ ಲೇಖಕರೊಬ್ಬರೇ. ಅವರೂ ಅಪ್ಪನ ಕಡೆ ಹೋಗಿಬಿಟ್ಟರು ಅನ್ನಿಸಿತು ಅವಳಿಗೆ.

ಅಕ್ಕನಿಗೆ ಮಗುವಾದ ಮೇಲೆ ಒಮ್ಮೆ ಸವದತ್ತಿಯಲ್ಲಿ, ನನ್ನ ಗೆಳತಿಯ ಮನೆಯಲ್ಲಿ, ಅದೇ ಕಾದಂಬರಿ ನನಗೆ ಸಿಕ್ಕಿತು. ಇದರಲ್ಲಿ ಮೊದಲ ಹಾಳೆಗಳು ಹಾಗೇ ಇದ್ದವು. ಅದು ಅವರ ಮೊಟ್ಟಮೊದಲ ಪುಸ್ತಕ. ಕಾಲೇಜು ಹುಡುಗನಾಗಿದ್ದಾಗ ಬರೆದದ್ದು, ಈಗ ಓದಿದರೆ ತಮಗೇ ನಾಚಿಕೆಯಾಗುತ್ತದೆ ಎಂದು ಮರುಮುದ್ರಣದ ಮುನ್ನುಡಿಯಲ್ಲಿ ಬರೆದುಕೊಂಡಿದ್ದರು.

ನಾನು ಮನೆಗೆ ಹೋಗದೆ ನೇರ ರಾಮದುರ್ಗದ ಬಸ್ಸು ಹತ್ತಿದೆ. ದೊಡ್ಡ ಉಡುಗೊರೆ ಒಯ್ಯುತ್ತಿದ್ದೇನೆ ಎಂಬ ಹುರುಪು. ಅಕ್ಕ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು.

"ಮೊದಲ್ನೇದಾ?"

"ಹೂಂ ಅಕ್ಕಾ. ನಾವು ಓದಿದ್ವಲ್ಲ, ಅವೆಲ್ಲಾ ಆಮ್ಯಾಲೆ ಬರದದ್ದು."

ಅವಳು ಮಗುವನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿಕೊಂಡಳು.

"ಅವರಿಗೂ ಕಡೀಕ ಹಂಗ ಅನಿಸ್ತಲ್ಲ ಅಂತ ತಿಳಕೊಂಡು ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು. "ಈಗ ಬಂದು ಇದನ್ಯಾಕ ಹೇಳಿದಿ ನೀ?"

ಒಳಗಿನಿಂದ ಅವಳ ಅತ್ತೆ ಕರೆದರು. ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು.