ಪ್ರಾಯೋಜಕರಿಗಾಗಿ ನಿಂತ ಸಿನಿಮಾ

ನಮ್ಮ ಕನ್ನಡ ಸಂಘದವರು ಒಂದು ರಷ್ಯನ್ ಚಲನಚಿತ್ರವನ್ನು ಅದು ಮುಗಿಯುವ ಮೊದಲೇ ನಿಲ್ಲಿಸಿಬಿಟ್ಟರು. ನಮಗಾದ ಅನ್ಯಾಯ ಇಷ್ಟೆ. ಕೇಳಿದವರು ನಗುತ್ತಾರೆ, ನಗಲಿ. ಇತರರು ಉಪ್ಪಿನಕಾಯಿಯನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ನನಗಾದ ಅವಮಾನಗಳನ್ನು ಕಾಪಾಡಿಕೊಂಡು ಬಂದವನು ನಾನು. ಒಂದಕ್ಕೂ ಬೂಸ್ಟು ಹಿಡಿಯಗೊಟ್ಟಿಲ್ಲ.

ಅಮೆರಿಕದ ಸ್ಯಾನ್ ಹೊಸೆಯಲ್ಲಿ ಕಂಡಕಂಡವರೆಲ್ಲ ಡಾಟ್‌ಕಾಂ ಕಂಪನಿ ತೆರೆಯುತ್ತಿದ್ದ ಕಾಲವದು. ಅಂಥ ಒಡೆಯರೊಬ್ಬರು ಸಂಘದ ಸಂಜೆಗೆ ಪ್ರಾಯೋಜಕರಾಗಿದ್ದರು. ಕಾರ್ಯದರ್ಶಿ ತನ್ನ ಆಫೀಸಿನ ರಷ್ಯನ್ ಗೆಳೆಯನಿಂದ ಕ್ಯಾಸೆಟ್ಟು ತಂದಿದ್ದ. ಕಥೆ ಸರಳವಾಗಿತ್ತು: ಸಣ್ಣ ಊರಿನ ಬೇಕರಿ ಕೆಲಸಗಾರ, ಅವನ ಹೆಂಡತಿ, ಒಬ್ಬಳು ಮಗಳು. ಊರಿನ ಪುರಾಧ್ಯಕ್ಷ ತನ್ನ ತೋಟದ ಮನೆಗೆ ದಾರಿ ಬೇಕೆಂದು, ಪೊಲೀಸರನ್ನೂ ನ್ಯಾಯಾಧೀಶರನ್ನೂ ಕೈಯೊಳಗೆ ಹಾಕಿಕೊಂಡು, ಅವರ ಮನೆಯನ್ನು ಕೆಡವಿಸಹೊರಟಿದ್ದಾನೆ. ನನ್ನ ಹೆಂಡತಿ ಕಮಲಳಿಗೆ ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳು ನಿಲುಕವು. ಆದ್ದರಿಂದ ನಾನು ಒಂದೊಂದನ್ನೂ ಕನ್ನಡಕ್ಕೆ ತಂದು ಅವಳ ಕಿವಿಯಲ್ಲಿ ಪಿಸುಗುಡುತ್ತಿದ್ದೆ. ಮುಂದಿನ ಸಾಲಿನವನೊಬ್ಬ ತಿರುಗಿ, "ಅಂಕಲ್, ಕಾಮೆಂಟರಿ ಬೇಡ ಪ್ಲೀಸ್" ಎಂದ. ಅದನ್ನೂ ಜಾಡಿಗೆ ಹಾಕಿಟ್ಟೆ.

ಪರದೆಯ ಮೇಲೆ ಗಂಡ ಬೇಡುತ್ತಾನೆ, ಕುಡಿಯುತ್ತಾನೆ, ಸೋಲುತ್ತಾನೆ. ಅಲ್ಲಿಯವರೆಗೆ ಬ್ರೆಡ್ಡು ಕೊಯ್ಯುತ್ತ ಸುಮ್ಮನಿದ್ದ ಹೆಂಡತಿ, ತುಂಬಿದ ಪುರಸಭೆಯಲ್ಲಿ ಎದ್ದು ನಿಂತಳು. ತಲೆವಸ್ತ್ರ ಬಿಗಿದುಕೊಂಡಳು, ಬಾಯಿ ತೆರೆದಳು. ಅಷ್ಟರಲ್ಲಿ ಸಭಾಂಗಣದ ದೀಪಗಳು ಹತ್ತಿಕೊಂಡವು.

"ಸಾರಿ, ಸ್ಪಾನ್ಸರ್ ಸರ್‌ಗೆ ಫ್ಲೈಟ್ ಇದೆ, ಎರಡೇ ಮಾತು ಆಡಿಬಿಡ್ತಾರೆ," ಎಂದ ಕಾರ್ಯದರ್ಶಿ.

ಎರಡು ಮಾತು ಕಂಪನಿಯ ಸಮಗ್ರ ಪುರಾಣವಾಗಿ ಬೆಳೆಯಿತು. ಮುಗಿದಾಗ ಟೀವಿಯ ಸುತ್ತಲಿನ ತಂತಿಗಳನ್ನು ಸುತ್ತಿಡಲಾಗುತ್ತಿತ್ತು.

"ಸಿನಿಮಾ ಇನ್ನೂ ಇದೆಯಲ್ಲಪ್ಪಾ?" ಎಂದೆ ಕಾರ್ಯದರ್ಶಿಗೆ.

"ಬಿಸಿಬೇಳೆಬಾತು ಗಟ್ಟಿಯಾಗತ್ತೆ ಅಂಕಲ್. ಎಂಡಿಂಗ್ ನೀವೇ ಗೆಸ್ ಮಾಡ್ಕೊಳಿ, ಹೆಂಗೂ ಕಥೆಯೆಲ್ಲಾ ನೀವೇ ಹೇಳ್ತಿದ್ರಲ್ಲ."

ಫ್ರೀವೇ ದಾಟಿ ಮನೆ ಹತ್ತಿರವಾದಾಗ ಕಮಲ, "ಅವಳು ಏನಂದ್ಲು ಅಂತ ಗೊತ್ತಾಗ್ಲೇ ಇಲ್ವಲ್ರೀ" ಎಂದಳು.

ನನಗೆ ಆಗ ನೆನಪಾಯಿತು. ಊರಿನಲ್ಲಿ ನಮ್ಮ ಬೀದಿಯ ನೀರನ್ನು ಕೌನ್ಸಿಲರನೊಬ್ಬ ತನ್ನ ಮನೆಗೆ ತಿರುಗಿಸಿಕೊಂಡಿದ್ದಾಗ, ಇವಳೂ ಹಾಗೆಯೇ ಸಭೆಯಲ್ಲಿ ಎದ್ದು ನಿಂತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ನಗುತ್ತ ಕಾಫಿ ತರಿಸಿದರು, ಎಲ್ಲರ ಕೈಗೂ ಲೋಟ ಬಂತು, ಇವಳು ಕುಳಿತಳು. ಅಂದು ಆಡಬೇಕೆಂದಿದ್ದ ಮಾತನ್ನು ನನಗೂ ಹೇಳಿಲ್ಲ. ಪರದೆಯ ಮೇಲಿನವಳು ಆಡಿದ್ದರೆ, ಇವಳೂ ಆಡುತ್ತಿದ್ದಳೇನೋ.

ಆಮೇಲೆ ಪ್ರಾಯೋಜಕರ ಕಂಪನಿ ಮುಳುಗಿತು. ರಷ್ಯನ್ ಗೆಳೆಯ ಕೆಲಸ ಕಳೆದುಕೊಂಡು ಕ್ಯಾಸೆಟ್ಟಿನೊಡನೆ ಸ್ವದೇಶಕ್ಕೆ ಮರಳಿದ. ನನಗೂ ಮೊದಲಿನಂತೆ ಸಿಟ್ಟು ಬರುವುದಿಲ್ಲ, ದಣಿವು ಬರುತ್ತದೆ. ಭ್ರಷ್ಟಾಚಾರಕ್ಕೆ ದುಷ್ಟರು ಬೇಕೆಂದು ತಿಳಿದಿದ್ದೆ; ಬಿಸಿಯಾಗಿ ಬಡಿಸುವ ಸಜ್ಜನರೂ ಸಾಲುತ್ತಾರೆ.

ಸಂಘದ ಮಹನೀಯರೇ, ಅಷ್ಟು ಜನ ಸೇರಿದ್ದಿರಿ. ಅವಳು ಏನು ಹೇಳಹೊರಟಿದ್ದಳೆಂದು ತಿಳಿಯುವ ಆಸೆ ನಿಮ್ಮಲ್ಲಿ ಒಬ್ಬರಿಗೂ ಹುಟ್ಟಲಿಲ್ಲವೇ?